ಎಂಟು ದಿನವೋ, ಏಳು ದಿನವೋ? ಗಣಕದ ಹಾಳೆಯಲ್ಲಿ ಗಡುವಿನ ಲೆಕ್ಕ



ದಾವಣಗೆರೆಯ ಒಂದು ಕಚೇರಿಗೆ ಸೋಮವಾರ ಹೋದವರಿಗೆ ಗುಮಾಸ್ತರು “ಎಂಟು ದಿನ ಬಿಟ್ಟು ಬನ್ನಿ” ಎಂದರೆ, ಅವರು ಮತ್ತೆ ಹೋಗುವುದು ಯಾವಾಗ? ಮುಂದಿನ ಸೋಮವಾರ. ಹಳ್ಳಿಯ ಸಂತೆಯೂ ನಮ್ಮ ಮಾತಿನಲ್ಲಿ ಎಂಟು ದಿನಕ್ಕೊಮ್ಮೆಯೇ ಕೂಡುತ್ತದೆ. ಆದರೆ ಸೋಮವಾರದಿಂದ ಸೋಮವಾರಕ್ಕೆ ಏಳೇ ದಿನವಲ್ಲವೇ? ನಮ್ಮ ಹಿರಿಯರು ತಪ್ಪು ಎಣಿಸಲಿಲ್ಲ. ಅವರು ಹೊರಟ ದಿನವನ್ನೂ ತಲುಪಿದ ದಿನವನ್ನೂ ಸೇರಿಸಿ ಎಣಿಸಿದರು. ಮಗು ಹುಟ್ಟಿದ ದಿನವನ್ನೇ ಒಂದು ಎಂದು ಹಿಡಿದು ಹನ್ನೊಂದನೆಯ ದಿನ ನಾಮಕರಣ ಮಾಡುವುದೂ ಇದೇ ಕ್ರಮದಲ್ಲಿ. ಎರಡೂ ಎಣಿಕೆಗಳು ಸರಿಯೇ. ಯಾವ ಸಂದರ್ಭಕ್ಕೆ ಯಾವ ಎಣಿಕೆ ಎಂಬುದು ತಿಳಿಯದಿದ್ದಾಗ ಮಾತ್ರ ತೊಂದರೆ ಹುಟ್ಟುತ್ತದೆ.

ವಿದ್ಯಾರ್ಥಿವೇತನದ ಅರ್ಜಿ, ಮರುಮೌಲ್ಯಮಾಪನದ ಅರ್ಜಿ, ಪ್ರವೇಶಕ್ಕೆ ಬೇಕಾದ ಜಾತಿ ಮತ್ತು ಆದಾಯ ಪ್ರಮಾಣಪತ್ರ, ಇವೆಲ್ಲಕ್ಕೂ ಒಂದು ಗಡುವು ಇರುತ್ತದೆ. ಗಡುವು ಕಳೆದ ಮೇಲೆ ಕೈಗೆ ಬಂದ ಪ್ರಮಾಣಪತ್ರ ಊಟಕ್ಕಿಲ್ಲದ ಉಪ್ಪಿನಕಾಯಿಯಂತೆ. ಆದ್ದರಿಂದ ಸ್ಪ್ರೆಡ್‌ಶೀಟ್ ಎಂಬ ಗಣಕದ ಲೆಕ್ಕದ ಹಾಳೆಯಲ್ಲಿ ಗಡುವನ್ನೂ, ಕಳೆದ ಕಾಲವನ್ನೂ ಹೇಗೆ ಲೆಕ್ಕ ಹಾಕಬಹುದು ಎಂಬುದನ್ನು ಈಗ ನೋಡೋಣ. ಎಕ್ಸೆಲ್ ಆಗಲಿ, ಗೂಗಲ್ ಶೀಟ್ಸ್ ಆಗಲಿ, ಉಚಿತವಾಗಿ ಸಿಗುವ ಲಿಬ್ರೆ ಆಫೀಸ್ ಆಗಲಿ, ಮೂಲ ವಿಧಾನ ಒಂದೇ. ಇಲ್ಲಿ ಸೂತ್ರಗಳನ್ನು ಓದಲು ಅನುಕೂಲವಾಗಲೆಂದು ಕನ್ನಡದಲ್ಲಿ ಅಚ್ಚು ಮಾಡಲಾಗಿದೆ. ಗಣಕದಲ್ಲಿ ಅವನ್ನು ಇಂಗ್ಲಿಷ್ ಅಕ್ಷರಗಳಲ್ಲೇ ಬರೆಯಬೇಕು.

ದಿನಾಂಕವೆಂದರೆ ಒಂದು ಸಂಖ್ಯೆ

ಮೊದಲು ತಿಳಿಯಬೇಕಾದ ಸಂಗತಿ ಇದು. ನಮ್ಮ ಕಣ್ಣಿಗೆ ದಿನ, ತಿಂಗಳು, ವರ್ಷ ಎಂದು ಕಾಣುವ ದಿನಾಂಕವನ್ನು ಗಣಕ ಒಳಗೆ ಬರೀ ಒಂದು ಸಂಖ್ಯೆಯಾಗಿ ಇಟ್ಟುಕೊಳ್ಳುತ್ತದೆ. ಎಕ್ಸೆಲ್‌ನಲ್ಲಿ 1900ರ ಜನವರಿ 1 ಎಂದರೆ ಒಂದನೆಯ ದಿನ. ಅಲ್ಲಿಂದ ಮುಂದೆ ದಿನಕ್ಕೊಂದರಂತೆ ಸಂಖ್ಯೆ ಏರುತ್ತದೆ. ಈ ಉಪಾಯ ನಮಗೆ ಹೊಸತಲ್ಲ. ನಮ್ಮ ಜ್ಯೋತಿರ್ಗಣಿತದಲ್ಲಿ ‘ಅಹರ್ಗಣ’ ಎಂಬ ಮಾತಿದೆ. ಕಲಿಯುಗದ ಆರಂಭವೆಂದು ಹಿಡಿದ ದಿನದಿಂದ ಎಷ್ಟು ದಿನ ಕಳೆದವು ಎಂಬ ಒಟ್ಟು ಎಣಿಕೆಯೇ ಅದು. ಗ್ರಹಗಳ ಸ್ಥಾನವನ್ನು ಕಂಡುಹಿಡಿಯಲು ಪಂಚಾಂಗಕರ್ತರು ಮೊದಲು ಅಹರ್ಗಣವನ್ನು ಸಾಧಿಸುತ್ತಿದ್ದರು.

ಒಂದು ಉದಾಹರಣೆ ನೋಡಿ. 1947ರ ಆಗಸ್ಟ್ 15ರ ಸಂಖ್ಯೆ 17394. ದಾವಣಗೆರೆ ಪ್ರತ್ಯೇಕ ಜಿಲ್ಲೆಯಾದ 1997ರ ಆಗಸ್ಟ್ 15ರ ಸಂಖ್ಯೆ 35657. ಎರಡನೆಯದರಿಂದ ಮೊದಲನೆಯದನ್ನು ಕಳೆದರೆ 18263 ದಿನ. ಇದನ್ನು ಏಳರಿಂದ ಭಾಗಿಸಿ. 2609 ವಾರ, ಶೇಷ ಸೊನ್ನೆ. ಅಂದರೆ ಸ್ವಾತಂತ್ರ್ಯ ಬಂದ ದಿನವೂ ಜಿಲ್ಲೆ ಹುಟ್ಟಿದ ದಿನವೂ ಒಂದೇ ವಾರ. ಎರಡೂ ಶುಕ್ರವಾರ. ಕ್ಯಾಲೆಂಡರ್ ತಿರುವದೆಯೇ ಇದು ನಮಗೆ ತಿಳಿಯಿತು. ದಿನಾಂಕ ಸಂಖ್ಯೆಯಾದರೆ ಕೂಡುವುದು, ಕಳೆಯುವುದು ಎಷ್ಟು ಸುಲಭ ನೋಡಿ.

ಆರಂಭದ ದಿನಾಂಕ ಎ2 ಎಂಬ ಮನೆಯಲ್ಲಿ, ಅಂತ್ಯದ ದಿನಾಂಕ ಬಿ2 ಎಂಬ ಮನೆಯಲ್ಲಿ ಇದ್ದರೆ, ಮೂರನೆಯ ಮನೆಯಲ್ಲಿ ಹೀಗೆ ಬರೆಯಿರಿ:

=ಬಿ2-ಎ2

ಉತ್ತರವಾಗಿ 7 ಬರುವ ಬದಲು 1900ರ ಜನವರಿ 7 ಎಂಬ ವಿಚಿತ್ರ ದಿನಾಂಕ ಕಂಡರೆ ಗಾಬರಿ ಬೇಡ. ಆ ಮನೆಯ ನಮೂನೆಯನ್ನು ‘ಸಂಖ್ಯೆ’ ಎಂದು ಬದಲಿಸಿ, ಸರಿಹೋಗುತ್ತದೆ.

ಇಲ್ಲೊಂದು ಎಚ್ಚರಿಕೆ. 5/6/2025 ಎಂದು ಬರೆದರೆ ನಮಗೆ ಅದು ಜೂನ್ 5. ಅಮೆರಿಕದ ಕ್ರಮಕ್ಕೆ ಹೊಂದಿಸಿದ ಗಣಕಕ್ಕೆ ಅದು ಮೇ 6. ಅದೇ ಗಣಕಕ್ಕೆ 13/6/2025 ಎಂದು ಕೊಟ್ಟರೆ, ಹದಿಮೂರನೆಯ ತಿಂಗಳು ಇಲ್ಲವಾದ್ದರಿಂದ, ಅದನ್ನು ದಿನಾಂಕವೆಂದೇ ಒಪ್ಪದೆ ಬರೀ ಅಕ್ಷರವೆಂದು ಮನೆಯ ಎಡಕ್ಕೆ ಒತ್ತಿ ಕೂರಿಸುತ್ತದೆ. ತಿಂಗಳನ್ನು ಅಂಕಿಯಲ್ಲಿ ಬರೆಯದೆ ಹೆಸರಿನಿಂದ ಬರೆದರೆ ಈ ಗೊಂದಲವೇ ಇರುವುದಿಲ್ಲ. ಡೇಟ್(2025,6,5) ಎಂಬ ಸೂತ್ರವೂ ಅಷ್ಟೇ ಭದ್ರ.

ಮೊದಲ ದಿನ ಲೆಕ್ಕಕ್ಕೆ ಇದೆಯೇ?

ಈಗ ಮುಖ್ಯ ಪ್ರಶ್ನೆಗೆ ಬರೋಣ. ಗಣಕ ಕಳೆಯುತ್ತದೆ, ಕೂಡುತ್ತದೆ. ಆದರೆ ಎಲ್ಲಿಂದ ಎಣಿಸಬೇಕು ಎಂಬುದು ಅದಕ್ಕೆ ಗೊತ್ತಿಲ್ಲ. ಅದನ್ನು ಹೇಳುವುದು ಕಾನೂನು ಅಥವಾ ಪ್ರಕಟಣೆ. ನಮ್ಮ ದೇಶದಲ್ಲಿ 1897ರ ಜನರಲ್ ಕ್ಲಾಸಸ್ ಕಾಯ್ದೆಯ 9ನೆಯ ಪ್ರಕರಣ ಇದಕ್ಕೊಂದು ಸಾಮಾನ್ಯ ನಿಯಮ ಕೊಟ್ಟಿದೆ. ‘ಇಂಥ ದಿನದಿಂದ’ ಎಂದು ಕಾಯ್ದೆ ಹೇಳಿದರೆ ಆ ಮೊದಲ ದಿನವನ್ನು ಬಿಟ್ಟು ಎಣಿಸಬೇಕು. 10ನೆಯ ಪ್ರಕರಣ ಇನ್ನೊಂದು ಮಾತು ಹೇಳುತ್ತದೆ. ಕಚೇರಿಯಲ್ಲೋ ನ್ಯಾಯಾಲಯದಲ್ಲೋ ಮಾಡಬೇಕಾದ ಕೆಲಸದ ಕೊನೆಯ ದಿನ ಅದು ಮುಚ್ಚಿದ್ದರೆ, ಮತ್ತೆ ತೆರೆದ ದಿನ ಮಾಡಿದರೂ ಅದು ಗಡುವಿನೊಳಗೇ ಆದಂತೆ.

2005ರ ಮಾಹಿತಿ ಹಕ್ಕು ಕಾಯ್ದೆಯನ್ನೇ ತೆಗೆದುಕೊಳ್ಳಿ. ಅರ್ಜಿ ತಲುಪಿದ 30 ದಿನದೊಳಗೆ ಉತ್ತರ ಕೊಡಬೇಕು ಎಂಬುದು ಅದರ ನಿಯಮ. ನೀವು ಕೊಟ್ಟ ಅರ್ಜಿ 2025ರ ಜೂನ್ 2, ಸೋಮವಾರ ಹರಿಹರದ ಒಂದು ಕಚೇರಿಗೆ ತಲುಪಿತು ಎಂದಿಟ್ಟುಕೊಳ್ಳಿ. ಸೂತ್ರ ಸರಳ:

=ಎ2+30

ಉತ್ತರ ಜುಲೈ 2. ಉತ್ತರ ಬಾರದಿದ್ದರೆ, ಆ ಅವಧಿ ಮುಗಿದ 30 ದಿನದೊಳಗೆ ಮೊದಲ ಮೇಲ್ಮನವಿ ಸಲ್ಲಿಸಬೇಕು. ಜುಲೈ 2ಕ್ಕೆ ಮತ್ತೆ 30 ಸೇರಿಸಿದರೆ ಆಗಸ್ಟ್ 1, ಶುಕ್ರವಾರ. “ಮೂವತ್ತು ದಿನ ಎಂದರೆ ಒಂದು ತಿಂಗಳು ತಾನೇ, ಆಗಸ್ಟ್ 2ಕ್ಕೆ ಹೋದರಾಯಿತು” ಎಂದುಕೊಂಡವರಿಗೆ ಒಂದು ದಿನ ತಡವಾಯಿತು. ಜುಲೈಗೆ 31 ದಿನ ಎಂಬುದನ್ನು ಅವರು ಮರೆತರು. ಸಕಾರಣವಿದ್ದರೆ ತಡವಾದ ಮೇಲ್ಮನವಿಯನ್ನೂ ಸ್ವೀಕರಿಸಬಹುದೆಂದು ಕಾಯ್ದೆಯಲ್ಲಿದೆ, ನಿಜ. ಆದರೆ ನಮಗೆ ಬರಬೇಕಾದ ಮಾಹಿತಿಗಾಗಿ ನಾವೇ ಕ್ಷಮೆ ಕೇಳುವ ಪ್ರಸಂಗ ಏಕೆ?

ತಿಂಗಳಿನ ಲೆಕ್ಕಕ್ಕೆ ಬೇರೆಯೇ ಸೂತ್ರವಿದೆ: =ಈಡೇಟ್(ಎ2,1). ಇದು ಮುಂದಿನ ತಿಂಗಳ ಅದೇ ತಾರೀಖನ್ನು ಕೊಡುತ್ತದೆ. ಜನವರಿ 31ಕ್ಕೆ ಒಂದು ತಿಂಗಳು ಸೇರಿಸಿದರೆ ಫೆಬ್ರವರಿಯ ಕೊನೆಯ ದಿನವನ್ನು ಕೊಟ್ಟು ನಿಲ್ಲುತ್ತದೆ. ನಿಯಮದಲ್ಲಿ ‘ದಿನ’ ಎಂದಿದ್ದರೆ ಕೂಡಿ, ‘ತಿಂಗಳು’ ಎಂದಿದ್ದರೆ ಈಡೇಟ್ ಬಳಸಿ.

ಒಂದು ದಿನದ ವ್ಯತ್ಯಾಸ ಎಷ್ಟು ದೊಡ್ಡದಾಗಬಹುದು? ಸಾಕೇತ್ ಇಂಡಿಯಾ ಮತ್ತು ಇಂಡಿಯಾ ಸೆಕ್ಯುರಿಟೀಸ್ ನಡುವಿನ ಚೆಕ್ ಪ್ರಕರಣವೊಂದು ಸುಪ್ರೀಂ ಕೋರ್ಟಿನವರೆಗೆ ಹೋದದ್ದು ಇದೇ ಪ್ರಶ್ನೆಗೆ. ಹಣವಿಲ್ಲದೆ ಹಿಂತಿರುಗಿದ ಚೆಕ್ಕಿನ ಬಗ್ಗೆ ಕಳಿಸಿದ ನೋಟಿಸು 1995ರ ಸೆಪ್ಟೆಂಬರ್ 29ರಂದು ತಲುಪಿತ್ತು. ಹಣ ಕೊಡಲು ಇದ್ದ 15 ದಿನ ಅಕ್ಟೋಬರ್ 14ಕ್ಕೆ ಮುಗಿಯಿತು. ದೂರು ಕೊಡುವ ಹಕ್ಕು ಹುಟ್ಟಿದ್ದು ಅಕ್ಟೋಬರ್ 15ರಂದು. ದೂರು ಸಲ್ಲಿಸಲು ಅಲ್ಲಿಂದ ಒಂದು ತಿಂಗಳು ಅವಕಾಶ. ದೂರು ಸಲ್ಲಿಕೆಯಾದದ್ದು ನವೆಂಬರ್ 15ರಂದು. ಅಕ್ಟೋಬರ್ 15ನ್ನು ಲೆಕ್ಕಕ್ಕೆ ಹಿಡಿದರೆ ತಡ, ಬಿಟ್ಟರೆ ಸಕಾಲ. ಮೊದಲ ದಿನವನ್ನು ಬಿಡಬೇಕು, ಆದ್ದರಿಂದ ದೂರು ಸಕಾಲದ್ದು ಎಂದು 1999ರಲ್ಲಿ ತೀರ್ಪಾಯಿತು. 2013ರಲ್ಲಿ ಮೂವರು ನ್ಯಾಯಮೂರ್ತಿಗಳ ಪೀಠ ಇದೇ ಎಣಿಕೆಯನ್ನು ಎತ್ತಿಹಿಡಿಯಿತು. ದಾವಣಗೆರೆಯಂಥ ವ್ಯಾಪಾರದ ಊರಿನಲ್ಲಿ, ಚೆಕ್ಕಿನ ವ್ಯವಹಾರ ದಿನನಿತ್ಯದ್ದಾದ ಕಡೆ, ಈ ಒಂದು ದಿನದ ಬೆಲೆಯನ್ನು ಯಾರಿಗೂ ಬಿಡಿಸಿ ಹೇಳಬೇಕಿಲ್ಲ.

ಒಂದೇ ಅರ್ಜಿ, ನಾಲ್ಕು ಉತ್ತರ

ಇನ್ನು ‘ಕೆಲಸದ ದಿನ’ಗಳ ಲೆಕ್ಕ. ಜೂನ್ 2ರಂದೇ ನೀವು ಇನ್ನೊಂದು ಅರ್ಜಿ ಕೊಟ್ಟಿರಿ, ಅದು 15 ಕೆಲಸದ ದಿನಗಳಲ್ಲಿ ತೀರ್ಮಾನವಾಗಬೇಕು ಎಂದಿಟ್ಟುಕೊಳ್ಳಿ. ಬರೀ 15 ಕೂಡಿದರೆ ಜೂನ್ 17 ಬರುತ್ತದೆ. ಇದು ಭಾನುವಾರಗಳನ್ನೂ ಕೆಲಸದ ದಿನವೆಂದು ಎಣಿಸಿದ ಲೆಕ್ಕ, ಆದ್ದರಿಂದ ತಪ್ಪು.

ಹಾಗಾದರೆ ಸಿದ್ಧವಾಗಿರುವ ವರ್ಕ್‌ಡೇ ಸೂತ್ರವನ್ನು ಬಳಸೋಣ:

=ವರ್ಕ್‌ಡೇ(ಎ2,15)

ಉತ್ತರ ಜೂನ್ 23. ಇದೂ ನಮ್ಮ ಕಚೇರಿಗಳಿಗೆ ಹೊಂದುವುದಿಲ್ಲ. ಏಕೆಂದರೆ ಈ ಸೂತ್ರ ಎಲ್ಲ ಶನಿವಾರ, ಭಾನುವಾರಗಳೂ ರಜೆ ಎಂದು ಭಾವಿಸುತ್ತದೆ. ಕರ್ನಾಟಕ ಸರ್ಕಾರದ ಕಚೇರಿಗಳಿಗೆ ಎರಡನೆಯ ಮತ್ತು ನಾಲ್ಕನೆಯ ಶನಿವಾರ ಮಾತ್ರ ರಜೆ. ಉಳಿದ ಶನಿವಾರ ಕೆಲಸವಿದೆ.

ಭಾನುವಾರ ಮಾತ್ರ ರಜೆ ಎಂದು ಹೇಳುವ ಸಂಕೇತ 11. ಅದನ್ನು ಸೇರಿಸಿ ಬರೆದರೆ:

=ವರ್ಕ್‌ಡೇ.ಇಂಟ್ಲ್(ಎ2,15,11)

ಈಗ ಜೂನ್ 19 ಬರುತ್ತದೆ. ಆದರೆ ಜೂನ್ 7ರ ಶನಿವಾರ ಬಕ್ರೀದ್ ರಜೆ ಇತ್ತು, ಜೂನ್ 14 ಎರಡನೆಯ ಶನಿವಾರ. ಇವನ್ನು ನಾವಿನ್ನೂ ಹೇಳಿಲ್ಲ. ಸರ್ಕಾರ ಪ್ರಕಟಿಸುವ ರಜಾ ಪಟ್ಟಿಯನ್ನೂ, ಎರಡನೆಯ ಮತ್ತು ನಾಲ್ಕನೆಯ ಶನಿವಾರಗಳನ್ನೂ ಎಚ್ ಎಂಬ ಕಂಬಸಾಲಿನಲ್ಲಿ ಒಂದರ ಕೆಳಗೊಂದು ಬರೆದು, ಸೂತ್ರಕ್ಕೆ ಅದನ್ನು ತೋರಿಸಬೇಕು:

=ವರ್ಕ್‌ಡೇ.ಇಂಟ್ಲ್(ಎ2,15,11,ಎಚ್2:ಎಚ್60)

ಉತ್ತರ ಜೂನ್ 21, ಮೂರನೆಯ ಶನಿವಾರ. ನಂಬಿಕೆ ಬಾರದಿದ್ದರೆ ಬೆರಳು ಮಡಚಿ ಎಣಿಸಿ ನೋಡಿ. 3ರಿಂದ 6ರವರೆಗೆ ನಾಲ್ಕು, 9ರಿಂದ 13ರವರೆಗೆ ಐದು, 16ರಿಂದ 21ರವರೆಗೆ ಆರು. ಒಟ್ಟು ಹದಿನೈದು.

17, 23, 19, 21. ಒಂದೇ ಅರ್ಜಿಗೆ ನಾಲ್ಕು ಉತ್ತರ ಬಂದವು. ನಾಲ್ಕು ಬಾರಿಯೂ ಗಣಕ ತನಗೆ ಹೇಳಿದ್ದನ್ನು ತಪ್ಪಿಲ್ಲದೆ ಮಾಡಿತು. ನಾವು ಹೇಳಿದ ನಿಯಮ ಮಾತ್ರ ಬೇರೆ ಬೇರೆಯಾಗಿತ್ತು. ಪರದೆಯ ಮೇಲೆ ಅಂಕಿ ಅಚ್ಚುಕಟ್ಟಾಗಿ ಕಂಡಿತೆಂದು ಅದನ್ನು ನಂಬಿ ಕೂರಬಾರದು ಎಂಬುದಕ್ಕೆ ಇದಕ್ಕಿಂತ ಬೇರೆ ನಿದರ್ಶನ ಬೇಡ.

ಎರಡು ದಿನಾಂಕಗಳ ನಡುವೆ ಎಷ್ಟು ಕೆಲಸದ ದಿನಗಳಿವೆ ಎಂದು ತಿಳಿಯಲು ನೆಟ್‌ವರ್ಕ್‌ಡೇಸ್.ಇಂಟ್ಲ್ ಎಂಬ ಸೂತ್ರವಿದೆ. ಇದು ನಮ್ಮ ಹಿರಿಯರಂತೆ ಎರಡೂ ತುದಿಯ ದಿನಗಳನ್ನು ಸೇರಿಸಿ ಎಣಿಸುತ್ತದೆ. ಮೊದಲ ದಿನ ಲೆಕ್ಕಕ್ಕಿಲ್ಲವಾದರೆ ಆರಂಭದ ದಿನಾಂಕಕ್ಕೆ ಒಂದು ಕೂಡಿ ಕೊಡಿ. ಗಡುವು ರಜೆಯ ದಿನ ಬಿದ್ದರೆ ಮುಂದಿನ ಕೆಲಸದ ದಿನಕ್ಕೆ ಸರಿಸಲು, ಗಡುವು ಸಿ2 ಮನೆಯಲ್ಲಿದೆ ಎಂದುಕೊಂಡು, ಹೀಗೆ ಬರೆಯಬಹುದು:

=ವರ್ಕ್‌ಡೇ.ಇಂಟ್ಲ್(ಸಿ2-1,1,11,ಎಚ್2:ಎಚ್60)

ಆದರೆ ಆನ್‌ಲೈನ್ ಅರ್ಜಿಯ ಪ್ರಕಟಣೆಯಲ್ಲಿ ಒಂದು ತಾರೀಖನ್ನೇ ನೇರವಾಗಿ ಹೆಸರಿಸಿದ್ದರೆ, ಭಾನುವಾರವೆಂದು ಅದು ತಾನಾಗಿ ಮುಂದಕ್ಕೆ ಹೋಗುತ್ತದೆಂದು ನಂಬಬೇಡಿ. ಆ ಪುಟ ಭಾನುವಾರವೂ ತೆರೆದಿರುತ್ತದೆ, ಹೇಳಿದ ಹೊತ್ತಿಗೆ ಮುಚ್ಚಿಕೊಳ್ಳುತ್ತದೆ.

ನಮ್ಮ ರಾಜ್ಯದಲ್ಲಿ 2012ರ ಏಪ್ರಿಲ್ 2ರಂದು ಜಾರಿಗೆ ಬಂದ ‘ಸಕಾಲ’ ಯೋಜನೆಯ ಆಧಾರ ಇಂಥ ಎಣಿಕೆಯೇ. ಅರ್ಜಿ ಕೊಟ್ಟವರಿಗೆ ಒಂದು ಸಂಖ್ಯೆಯುಳ್ಳ ರಸೀದಿ ಸಿಗುತ್ತದೆ. ಅದನ್ನು ಜೋಪಾನವಾಗಿಟ್ಟುಕೊಳ್ಳಿ. ತಡವಾದರೆ ದಿನಕ್ಕೆ 20 ರೂಪಾಯಿಯಂತೆ, ಗರಿಷ್ಠ 500 ರೂಪಾಯಿವರೆಗೆ ಪರಿಹಾರ ಕೇಳಲು ಕಾಯ್ದೆ ಅವಕಾಶ ಕೊಟ್ಟಿದೆ. ತಡವಾದ ದಿನಗಳು ಡಿ2 ಮನೆಯಲ್ಲಿದ್ದರೆ ಸೂತ್ರ =ಮಿನ್(500,20*ಡಿ2). ಇಪ್ಪತ್ತೈದನೆಯ ದಿನಕ್ಕೆ ಮೊತ್ತ 500 ಮುಟ್ಟಿ ನಿಲ್ಲುತ್ತದೆ. ಮೊತ್ತ ಚಿಕ್ಕದಿರಬಹುದು. ಆದರೆ ತಾರೀಖುಗಳನ್ನು ಬರೆದಿಟ್ಟವರು ಮಾತ್ರ ಅದನ್ನು ಕೇಳಬಲ್ಲರು.

ವರ್ಷಗಳ ಲೆಕ್ಕ

ಹತ್ತಿ ಗಿರಣಿಗಳಿಂದಾಗಿ ದಾವಣಗೆರೆ ಒಂದು ಕಾಲಕ್ಕೆ ಕರ್ನಾಟಕದ ಮ್ಯಾಂಚೆಸ್ಟರ್ ಎನಿಸಿಕೊಂಡಿತ್ತು. ಹರಿಹರದಲ್ಲಿ 1941ರಲ್ಲಿ ಆರಂಭವಾದ ಮೈಸೂರು ಕಿರ್ಲೋಸ್ಕರ್ ಕಾರ್ಖಾನೆ ಲೇತ್ ಯಂತ್ರಗಳಿಗೆ ಹೆಸರಾಗಿತ್ತು. ಆ ಕಾರ್ಖಾನೆಯೂ ಹಲವು ಗಿರಣಿಗಳೂ ಈಗಿಲ್ಲ. ಅಲ್ಲಿ ದುಡಿದವರ ಮನೆಗಳಲ್ಲಿ ‘ಸರ್ವೀಸ್ ಎಷ್ಟು ವರ್ಷ?’ ಎಂಬ ಪ್ರಶ್ನೆ ಬರೀ ಕುತೂಹಲದ್ದಾಗಿರಲಿಲ್ಲ. ಗ್ರಾಚ್ಯುಟಿ ಹಣ ನಿಂತಿದ್ದುದು ಅದರ ಮೇಲೆ.

1972ರ ಗ್ರಾಚ್ಯುಟಿ ಕಾಯ್ದೆಯಲ್ಲಿದ್ದ, 2020ರ ಸಾಮಾಜಿಕ ಭದ್ರತಾ ಸಂಹಿತೆಯಲ್ಲೂ ಉಳಿದಿರುವ ನಿಯಮ ಹೀಗಿದೆ. ಪ್ರತಿ ಪೂರ್ಣ ವರ್ಷಕ್ಕೆ 15 ದಿನದ ವೇತನ. ಕೊನೆಗೆ ಉಳಿದ ಭಾಗ ಆರು ತಿಂಗಳಿಗಿಂತ ಹೆಚ್ಚಿದ್ದರೆ ಅದೂ ಒಂದು ಪೂರ್ಣ ವರ್ಷ. ತಿಂಗಳ ಸಂಬಳದವರಿಗೆ ತಿಂಗಳೆಂದರೆ 26 ದಿನ. ಒಬ್ಬರು 1979ರ ಜುಲೈ 16ರಂದು ಸೇರಿ 2001ರ ಜನವರಿ 31ಕ್ಕೆ ಬಿಟ್ಟರು, ಕೊನೆಯ ವೇತನ 5200 ರೂಪಾಯಿ ಎಂದಿಟ್ಟುಕೊಳ್ಳಿ. ಪೂರ್ಣ ವರ್ಷಗಳಿಗೆ ಸೂತ್ರ:

=ಡೇಟ್‌ಡಿಫ್(ಎ2,ಬಿ2,"ವೈ")

ಉತ್ತರ 21. "ವೈ" ಬದಲು "ವೈಎಂ" ಎಂದರೆ ಮೇಲಿನ ತಿಂಗಳು, 6. ಅದರ ಮೇಲೂ ಹದಿನೈದು ದಿನ ಉಳಿಯುತ್ತದೆ. ಅಂದರೆ ಆರು ತಿಂಗಳು ದಾಟಿತು, ಸೇವೆ 22 ವರ್ಷವಾಯಿತು. 5200ನ್ನು 26ರಿಂದ ಭಾಗಿಸಿ, 15ರಿಂದಲೂ 22ರಿಂದಲೂ ಗುಣಿಸಿದರೆ 66,000 ರೂಪಾಯಿ. ಇಪ್ಪತ್ತೊಂದೇ ವರ್ಷ ಎಂದು ನಿಲ್ಲಿಸಿದ್ದರೆ 63,000. ಹದಿನೈದು ದಿನದ ಲೆಕ್ಕ ಮೂರು ಸಾವಿರ ರೂಪಾಯಿಯ ಮಾತಾಯಿತು. ಡೇಟ್‌ಡಿಫ್ ಸೂತ್ರವನ್ನು ಎಕ್ಸೆಲ್ ತನ್ನ ಪಟ್ಟಿಯಲ್ಲಿ ತೋರಿಸುವುದಿಲ್ಲ, ಬರೆದರೆ ಮಾತ್ರ ಕೆಲಸ ಮಾಡುತ್ತದೆ. ಅದರಲ್ಲಿ ಉಳಿದ ದಿನ ತೋರಿಸುವ "ಎಂಡಿ" ಕೆಲವೊಮ್ಮೆ ತಪ್ಪು ಕೊಡಬಹುದೆಂದು ಅದನ್ನು ಮಾಡಿದ ಮೈಕ್ರೋಸಾಫ್ಟ್ ಸಂಸ್ಥೆಯೇ ಎಚ್ಚರಿಸಿದೆ. ಆದ್ದರಿಂದ ದಿನಗಳನ್ನು ಬೇರೆಯಾಗಿ ಕಳೆದು ನೋಡುವುದೇ ಲೇಸು.

ಗಂಟೆ, ನಿಮಿಷ

ದಿನ ಒಂದು ಸಂಖ್ಯೆಯಾದರೆ ಗಂಟೆ ಅದರ ಭಿನ್ನರಾಶಿ. ಬೆಳಗಿನ 6 ಗಂಟೆ 0.25, ಮಧ್ಯಾಹ್ನ 12 ಗಂಟೆ 0.5. ಜೀವ ಅಥವಾ ಸ್ವಾತಂತ್ರ್ಯಕ್ಕೆ ಸಂಬಂಧಿಸಿದ ಮಾಹಿತಿಯನ್ನು 48 ಗಂಟೆಯೊಳಗೆ ಕೊಡಬೇಕೆಂದು ಮಾಹಿತಿ ಹಕ್ಕು ಕಾಯ್ದೆ ಹೇಳುತ್ತದೆ. ತಾರೀಖು ಮತ್ತು ಹೊತ್ತು ಎರಡನ್ನೂ ಒಂದೇ ಮನೆಯಲ್ಲಿ ಬರೆದು 2 ಕೂಡಿದರೆ ಆ ಗಡುವು ಸಿಗುತ್ತದೆ.

ರಾತ್ರಿ ಪಾಳಿಯವರ ಲೆಕ್ಕ ಸ್ವಲ್ಪ ಬೇರೆ. ರಾತ್ರಿ 10ಕ್ಕೆ ಹೋಗಿ ಬೆಳಿಗ್ಗೆ 6ಕ್ಕೆ ಹೊರಬಂದವರ ದುಡಿಮೆಯನ್ನು ನೇರವಾಗಿ ಕಳೆದರೆ ಉತ್ತರ ಸೊನ್ನೆಗಿಂತ ಕಡಿಮೆಯಾಗಿ, ಹೊತ್ತಿನ ನಮೂನೆಯ ಮನೆಯಲ್ಲಿ ಬರೀ ಅಡ್ಡ ಉದ್ದ ಗೆರೆಗಳು ಕಾಣುತ್ತವೆ. ನಡುವೆ ದಿನ ಬದಲಾದದ್ದು ಗಣಕಕ್ಕೆ ಗೊತ್ತಿಲ್ಲ. =ಮಾಡ್(ಬಿ2-ಎ2,1)*24 ಎಂದು ಬರೆದು, ಮನೆಯ ನಮೂನೆಯನ್ನು ‘ಸಂಖ್ಯೆ’ ಎಂದು ಇಟ್ಟರೆ 8 ಗಂಟೆ ಎಂಬ ಸರಿಯಾದ ಉತ್ತರ ಬರುತ್ತದೆ.

ನಮ್ಮ ಟೆಲಿವಿಷನ್ ಕಸುಬಿನಿಂದಲೂ ಒಂದು ಉದಾಹರಣೆ. ಅರ್ಧ ಗಂಟೆಯ ಕಾರ್ಯಕ್ರಮಕ್ಕೆ ಮೂರು ಭಾಗಗಳು: 12 ನಿಮಿಷ 40 ಸೆಕೆಂಡು, 9 ನಿಮಿಷ 35 ಸೆಕೆಂಡು, 6 ನಿಮಿಷ 50 ಸೆಕೆಂಡು. ಇವನ್ನು ಎಕ್ಸೆಲ್‌ನಲ್ಲಿ 12:40, 9:35, 6:50 ಎಂದು ಬರೆದು ಕೂಡಿದರೆ 5:05 ಎಂದು ತೋರಿಸುತ್ತದೆ! ಅದು ಇವನ್ನು ಗಂಟೆ, ನಿಮಿಷವೆಂದು ಓದಿ, 29 ಗಂಟೆ 5 ನಿಮಿಷದಲ್ಲಿ ಒಂದು ಪೂರ್ಣ ದಿನವನ್ನು ತೆಗೆದು ಉಳಿದದ್ದನ್ನು ತೋರಿಸಿದೆ. 0:12:40 ಎಂದು ಮೂರು ಭಾಗವಾಗಿ ಬರೆದರೆ 29 ನಿಮಿಷ 5 ಸೆಕೆಂಡು ಸರಿಯಾಗಿ ಬರುತ್ತದೆ.

ಇಲ್ಲದ ಒಂದು ದಿನ

ಗಣಕದ ಪಂಚಾಂಗಕ್ಕೂ ಮಿತಿಯಿದೆ. ಹರಿಹರೇಶ್ವರ ದೇವಾಲಯವನ್ನು ಹೊಯ್ಸಳ ಇಮ್ಮಡಿ ನರಸಿಂಹನ ದಂಡನಾಯಕ ಪೋಲಾಳ್ವ 1223-24ರ ಸುಮಾರಿಗೆ ಕಟ್ಟಿಸಿದನು. ಆ ಕಾಲದ ಒಂದು ತಾರೀಖನ್ನು ಎಕ್ಸೆಲ್‌ಗೆ ಕೊಟ್ಟರೆ ಅದು ದಿನಾಂಕವೆಂದೇ ಒಪ್ಪುವುದಿಲ್ಲ. ಅದರ ಕಾಲ ಶುರುವಾಗುವುದೇ 1900ರಲ್ಲಿ. ಅದೂ ಅಲ್ಲದೆ ಎಕ್ಸೆಲ್‌ನಲ್ಲಿ 60ನೆಯ ಸಂಖ್ಯೆಗೆ 1900ರ ಫೆಬ್ರವರಿ 29 ಎಂಬ ದಿನವಿದೆ. 400ರಿಂದ ಭಾಗವಾಗದ ಶತಮಾನದ ವರ್ಷ ಅಧಿಕ ವರ್ಷವಲ್ಲ. ಆದ್ದರಿಂದ ಅಂಥ ದಿನ ಲೋಕದಲ್ಲಿ ಇರಲೇ ಇಲ್ಲ. 1983ರಲ್ಲಿ ಬಂದ ಲೋಟಸ್ 1-2-3 ಎಂಬ ಹಾಳೆಯಲ್ಲಿದ್ದ ಈ ದೋಷವನ್ನು, ಹಳೆಯ ಕಡತಗಳು ಕೆಡಬಾರದೆಂದು, ಎಕ್ಸೆಲ್ ಹಾಗೆಯೇ ಉಳಿಸಿಕೊಂಡಿತು. ನಮ್ಮ ದಿನನಿತ್ಯದ ಲೆಕ್ಕಕ್ಕೆ ಇದರಿಂದ ಬಾಧಕವಿಲ್ಲ. ಆದರೆ ಯಂತ್ರದ ಒಳಗಿರುವುದೂ ಮನುಷ್ಯರು ಮಾಡಿದ ನಿಯಮವೇ ಎಂಬುದು ನೆನಪಿರಲಿ.

ಈಗ ನೀವೇ ಒಂದು ಹಾಳೆ ಮಾಡಿ. ಮೊದಲ ಕಂಬಸಾಲಿನಲ್ಲಿ ಅರ್ಜಿಯ ಹೆಸರು, ಆಮೇಲೆ ಕೊಟ್ಟ ತಾರೀಖು, ನಿಯಮದ ದಿನಗಳು, ಗಡುವು. ಕೊನೆಯಲ್ಲಿ ಗಡುವಿನಿಂದ ಟುಡೇ() ಎಂಬುದನ್ನು ಕಳೆಯಿರಿ. ಎಷ್ಟು ದಿನ ಉಳಿದಿವೆ ಎಂದು ಹಾಳೆ ತೆರೆದಾಗಲೆಲ್ಲ ಅದೇ ಹೇಳುತ್ತದೆ. ಇನ್ನೊಂದು ಕಂಬಸಾಲನ್ನು ಮರೆಯದೆ ಇಡಿ: ‘ನಿಯಮ ಎಲ್ಲಿದೆ?’ ಸುತ್ತೋಲೆಯ ಸಂಖ್ಯೆಯನ್ನೋ ಕಾಯ್ದೆಯ ಪ್ರಕರಣವನ್ನೋ ಅಲ್ಲಿ ಬರೆಯಿರಿ. ಸೂತ್ರ ಬರೆಯುವ ಮೊದಲು ಮೂರು ಪ್ರಶ್ನೆ ಕೇಳಿಕೊಳ್ಳಿ. ಮೊದಲ ದಿನ ಸೇರುತ್ತದೆಯೇ? ರಜೆಗಳು ಸೇರುತ್ತವೆಯೇ? ಕೊನೆಯ ದಿನ ರಜೆಯಾದರೆ ಏನು? ಈ ಮೂರಕ್ಕೆ ಉತ್ತರ ಸಿಕ್ಕರೆ ಉಳಿದದ್ದು ಬರೀ ಕೂಡಿ ಕಳೆಯುವ ಕೆಲಸ, ಅದನ್ನು ಗಣಕಕ್ಕೆ ಬಿಡಬಹುದು.

ಮನೆಯಲ್ಲಿ ಅಜ್ಜಿ “ಇನ್ನು ಎಂಟು ದಿನಕ್ಕೆ ಹಬ್ಬ” ಎಂದರೆ ತಿದ್ದಲು ಹೋಗಬೇಡಿ. ಅವರ ಎಣಿಕೆಗೂ ಒಂದು ನಿಯಮವಿದೆ.